ಆಣೆ ಮಾಡಲೊಲ್ಲದ ಸಾಕ್ಷಿ

ಈಚೆಗೆ ಕೋರ್ಟಿನಲ್ಲಿ ಕೆಲಸಕ್ಕೆ ಸೇರಿದ ತರುಣರೊಬ್ಬರು ಮನೆಗೆ ಬಂದಿದ್ದರು. ಭಾಷಾಂತರದ ಕೆಲಸದಲ್ಲಿ ಯಾವುದು ಕಷ್ಟ ಎಂದು ಕೇಳಿದರು. ಕಾನೂನಿನ ಶಬ್ದಗಳು ಎಂದು ನಾನು ಹೇಳಬಹುದೆಂದುಕೊಂಡಿದ್ದರೇನೋ. ಶಬ್ದಗಳು ಕಷ್ಟವಲ್ಲ, ಹುಡುಕಿದರೆ ಸಿಗುತ್ತವೆ. ಸಾಕ್ಷಿ ಬಾಯಿ ತೆರೆಯುವ ಮೊದಲೇ ಕುರ್ಚಿಯ ಮೇಲೆ ಕುಳಿತವರು ಅವನು ಎಂಥವನೆಂದು ತೀರ್ಮಾನಿಸಿಬಿಟ್ಟಿರುತ್ತಾರೆ. ಅದರ ಮುಂದೆ ನಿಂತು ಶಬ್ದಕ್ಕೆ ಶಬ್ದ ಜೋಡಿಸುತ್ತಿರುವುದೇ ಕಷ್ಟ. ಅವರಿಗೆ ಅಷ್ಟು ಹೇಳಿ ಕಳಿಸಿದೆ. ಆಮೇಲೆ ಸಿಟ್ಟು ಬಂತು. ಇಷ್ಟು ವರ್ಷದ ಮೇಲೂ ಬರುತ್ತದೆ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ರಾಯಚೂರಿಗೆ ಬಂದಾಗ ನಿಜಾಮರ ರಾಜ್ಯ. ಕೋರ್ಟಿನ ಭಾಷೆ ಉರ್ದು. ಹಳ್ಳಿಯವರು ಕನ್ನಡದಲ್ಲಿ ಹೇಳಿದ್ದನ್ನು ಉರ್ದುವಿಗೂ ಸಾಹೇಬರು ಕೇಳಿದ್ದನ್ನು ಕನ್ನಡಕ್ಕೂ ತಿರುಗಿಸಲು ಒಬ್ಬ ನೌಕರ ಇರುತ್ತಿದ್ದ. ಅವನಿಗೆ ಮುತರ್ಜಿಮ್ ಎನ್ನುತ್ತಿದ್ದರು. ನಾನು ಆ ಮುತರ್ಜಿಮ್. ಇರುವುದು ರಾಯಚೂರಿನಲ್ಲಾದರೂ ದೇವದುರ್ಗಕ್ಕೂ ಮಾನ್ವಿಗೂ ಬೇಕಾದಾಗಲೆಲ್ಲ ಕಳಿಸುತ್ತಿದ್ದರು. ಯುದ್ಧದ ಕಾಲ. ಮೋಟಾರಿಗೆ ಪೆಟ್ರೋಲು ಸಿಗುತ್ತಿರಲಿಲ್ಲ, ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸಿನಲ್ಲಿ ಕುಳಿತು ಇಳಿಯುವಷ್ಟರಲ್ಲಿ ನಾವೂ ಇದ್ದಿಲಾಗಿರುತ್ತಿದ್ದೆವು.

ದಿನಚರಿ ಬರೆಯುವ ಅಭ್ಯಾಸ ನನಗೆ ಆಗಲೇ ಇತ್ತು. ಆದರೆ ಆ ಪುಟಗಳನ್ನು ನಾನು ಪೂರ್ತಿ ನಂಬುವುದಿಲ್ಲ. ಒಳ್ಳೆಯ ದಿನಗಳಲ್ಲಿ ಅಲ್ಲಿ ಹವೆಯ ವಿಷಯವಿದೆ, ಕೆಟ್ಟ ದಿನಗಳಲ್ಲಿ ಒಂದೇ ಸಾಲು. ಉಳಿದದ್ದು ನೆನಪು. ನೆನಪು ಸಿಟ್ಟಿನ ಮಾತು ಕೇಳುತ್ತದೆ ಎಂಬುದು ನನಗೆ ಗೊತ್ತಿದೆ. ಕೆಳಗೆ ಬರುವ ಮುನ್ಸಿಫ್ ಸಾಹೇಬರ ಮುಖವನ್ನು ನಾನು ಇದ್ದದ್ದಕ್ಕಿಂತ ಬಿಗಿಯಾಗಿ ಬರೆದಿದ್ದರೆ ಅದಕ್ಕೆ ಇದು ಕಾರಣ. ಅವರ ಮಾತುಗಳನ್ನು ಮಾತ್ರ ಹೆಚ್ಚು ಮಾಡಿಲ್ಲ. ಮಾತು ನೆನಪಿಡುವುದು ನನ್ನ ಕೆಲಸವೇ ಆಗಿತ್ತು.

ಮುನ್ಸಿಫ್ ಸಾಹೇಬರು ಉತ್ತರದ ಕಡೆಯವರು. ದೇವದುರ್ಗ, ಮಾನ್ವಿ ಎರಡೂ ಕೋರ್ಟು ಅವರದೇ. ಓದಿದವರು, ಫಾರಸಿಯ ಪದ್ಯಗಳನ್ನು ಬಾಯಿಪಾಠ ಹೇಳುತ್ತಿದ್ದರು, ಲಂಚ ಮುಟ್ಟುತ್ತಿರಲಿಲ್ಲ. ಅವರಿಗೆ ಒಂದೇ ಹೆಮ್ಮೆ: ಮುಖ ನೋಡಿ ಮನುಷ್ಯನನ್ನು ಅಳೆಯಬಲ್ಲೆ ಎಂಬುದು. ಸತ್ಯವಂತ ಕಣ್ಣಿಗೆ ಕಣ್ಣಿಟ್ಟು ಮಾತಾಡುತ್ತಾನೆ, ತಡವರಿಸುವುದಿಲ್ಲ, ದೇವರ ಹೆಸರನ್ನು ಗಟ್ಟಿಯಾಗಿ ಹೇಳುತ್ತಾನೆ. ಸುಳ್ಳುಗಾರ ನೆಲ ನೋಡುತ್ತಾನೆ. ಇದು ಅವರ ಅಳತೆಗೋಲು. ಅವರು ಹುಟ್ಟಿದ ಮನೆಯಲ್ಲಿ, ಅವರ ಓಣಿಯಲ್ಲಿ ಅದು ಸರಿಯಿದ್ದಿರಲೂಬಹುದು. ಆದರೆ ನಮ್ಮ ಕಡೆ ದೊಡ್ಡವರ ಕಣ್ಣಿಗೆ ಕಣ್ಣಿಡುವವನು ಒಂದೋ ಗೌಡ, ಇಲ್ಲವೇ ಉಡಾಳ.

ದೇವದುರ್ಗದ ಕೋರ್ಟಿನ ಮುಂದೆ ಬೇವಿನ ಮರದ ಕೆಳಗೆ ಒಬ್ಬ ಯಾವಾಗಲೂ ಕುಳಿತಿರುತ್ತಿದ್ದ. ರುಮಾಲು ಶುಭ್ರ, ಮೀಸೆಗೆ ಎಣ್ಣೆ. ಯಾರ ಮೊಕದ್ದಮೆಗೆ ಬೇಕಾದರೂ ಸಾಕ್ಷಿ ಹೇಳುತ್ತಿದ್ದ, ಅದೇ ಅವನ ಉದ್ಯೋಗ. ಊರಿಗೆಲ್ಲ ಗೊತ್ತಿತ್ತು. ಅವನು ಕಟಕಟೆ ಹತ್ತಿ ಎದೆ ಸೆಟೆಸಿ, ಸಾಹೇಬರ ಕಣ್ಣಲ್ಲಿ ಕಣ್ಣಿಟ್ಟು, ಭಗವಂತನನ್ನು ಕೂಗಿ ಕರೆದು ಹಲಫ್ ತೆಗೆದುಕೊಳ್ಳುತ್ತಿದ್ದ. ಹಲಫ್ ಎಂದರೆ ಕೋರ್ಟಿನ ಆಣೆ. ಸಾಹೇಬರು ನನ್ನ ಕಡೆ ತಿರುಗಿ, ನೋಡಿ, ಈ ದೇಶದಲ್ಲೂ ಇಂಥ ನೇರ ಮನುಷ್ಯರಿದ್ದಾರೆ ಎಂದರು. ಅದಾದ ಮೇಲೆ ಅದೇ ದಿನ ಗಬ್ಬೂರಿನ ಒಬ್ಬ ರೈತ ಬಂದ. ಹೊಲದ ಬದು ಸರಿಸಿದ್ದನ್ನು ನೋಡಿದಿಯಾ ಎಂದು ಕೇಳಿದ್ದಕ್ಕೆ ಇಲ್ಲವೆನ್ನಲು ನಾಲಿಗೆಯಿಂದ ಲೊಚಕ್ ಅಂದ. ನಮ್ಮಲ್ಲಿ ಇಲ್ಲ ಎನ್ನುವುದೇ ಹಾಗೆ, ತಾಯಿ ಕೇಳಿದರೂ ಹಾಗೇ. ಸಾಹೇಬರಿಗೆ ಅದು ನಾಯಿಗೆ ಮಾಡುವ ಸದ್ದು. ಅವನನ್ನು ಹೊರಗೆ ನಿಲ್ಲಿಸಿದರು. ನಾನು ವಿವರಿಸಲು ಹೋದೆ. ಬಾಯಿಯ ಸದ್ದನ್ನೂ ಭಾಷಾಂತರ ಮಾಡುವಿರೇನು ಎಂದು ನಕ್ಕರು.

ಹಾಗೆಂದು ನಮ್ಮವರು ಅವರನ್ನು ಅಳೆಯುತ್ತಿರಲಿಲ್ಲವೆಂದಲ್ಲ. ಸಾಹೇಬರು ಕೂಲಿಯವನಿಗೂ ಬಹುವಚನ ಹಚ್ಚಿ ಮೆತ್ತಗೆ ಮಾತಾಡುತ್ತಿದ್ದರು. ಅದನ್ನು ನಾನು ಹಾಗೇ ‘ನೀವು’ ಎಂದು ತಿರುಗಿಸಿದರೆ, ಆ ಮನುಷ್ಯ ತನ್ನನ್ನು ಹಾಸ್ಯ ಮಾಡುತ್ತಿದ್ದಾರೆಂದು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. ಇಷ್ಟು ಮೆತ್ತಗೆ ಮಾತಾಡುವವನು ಖಂಡಿತ ಕೊರಳು ಕೊಯ್ಯುತ್ತಾನೆ ಎಂದು ಹೊರಗೆ ಹೋಗಿ ಹೇಳುತ್ತಿದ್ದರು. ಎರಡೂ ಕಡೆಯ ಅಂದಾಜುಗಳ ನಡುವೆ ನನ್ನ ನಾಲಿಗೆ. ಆದರೆ ಒಂದು ವ್ಯತ್ಯಾಸವಿತ್ತು. ರೈತನ ಅಂದಾಜು ತಪ್ಪಿದರೆ ಸಾಹೇಬರಿಗೆ ಏನೂ ಆಗುತ್ತಿರಲಿಲ್ಲ.

ಈಗ ಖಾಸಿಂಸಾಬನ ಮೊಕದ್ದಮೆ.

ಮಾನ್ವಿಯ ದನದ ಸಂತೆಯಲ್ಲಿ ಖಾಸಿಂಸಾಬ ದಲ್ಲಾಳಿ. ಮನೆಯಲ್ಲಿ ನಮ್ಮ ಕಡೆಯ ಉರ್ದುವಾದ ದಖ್ಖನಿ, ಸಂತೆಯಲ್ಲಿ ಕನ್ನಡ. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವವನು, ಎರಡೂ ಕಡೆಯವರನ್ನು ಕೂಡಿಸಿ ವ್ಯಾಪಾರ ಮುಗಿಸಿಕೊಡುವವನು. ಹಿರೇಕೊಟ್ನೆಕಲ್ಲಿನ ಗೌಡರ ಮನೆಯ ಒಂದು ಜೋಡಿ ಎತ್ತು ಒಂದು ರಾತ್ರಿ ಕಾಣೆಯಾದವು. ಕೆಲವು ದಿನ ಮೊದಲು ಖಾಸಿಂ ಅದೇ ಎತ್ತುಗಳನ್ನು ನೋಡಿ, ಕೊಡುತ್ತೀರಾ ಎಂದು ಕೇಳಿ ಬಂದಿದ್ದ. ಗೌಡರು ಕೊಡುವುದಿಲ್ಲವೆಂದಿದ್ದರು. ಪೊಲೀಸಿನವರಿಗೆ ಅಷ್ಟು ಸಾಕಾಯಿತು. ಎತ್ತು ಸಿಗಲಿಲ್ಲ, ಹಗ್ಗ ಸಿಗಲಿಲ್ಲ, ನೋಡಿದವರಿಲ್ಲ. ದಲ್ಲಾಳಿ ಸಿಕ್ಕ.

ಅವನ ವಿರುದ್ಧ ಹೇಳಿದ್ದರಲ್ಲಿ ಒಂದನ್ನು ಬರೆಯದೆ ಇರಲಾರೆ. ದನದ ಸಂತೆಯಲ್ಲಿ ದಲ್ಲಾಳಿಗಳು ಬಾಯಿಯಿಂದ ಬೆಲೆ ಹೇಳುವುದಿಲ್ಲ. ಕೈಮೇಲೆ ವಸ್ತ್ರ ಹಾಕಿ, ಅದರ ಕೆಳಗೆ ಬೆರಳು ಹಿಡಿದು ಬೆಲೆ ತಿಳಿಸುತ್ತಾರೆ. ಮಾರುವವನ ಮಾನ ಹೋಗಬಾರದು, ಸುತ್ತ ನಿಂತವರು ಬೆಲೆ ಕೆಡಿಸಬಾರದು, ಅದಕ್ಕೆ. ಸಂತೆಗೆ ಹೋದ ಪ್ರತಿಯೊಬ್ಬನೂ ನೋಡಿದ ರೂಢಿ. ಸರಕಾರಿ ವಕೀಲರು, ಅವರೂ ಇದೇ ಜಿಲ್ಲೆಯವರೇ, ಅದನ್ನು ಕೋರ್ಟಿನಲ್ಲಿ ಮಾಡಿ ತೋರಿಸಿದರು. ಬಟ್ಟೆಯ ಕೆಳಗೆ ಕೈ ಮುಚ್ಚಿ ವ್ಯವಹಾರ ಮಾಡುವ ಜಾತಿ ಇದು ಹುಜೂರ್ ಎಂದರು. ಸಾಹೇಬರು ಗುರುತು ಹಾಕಿಕೊಂಡರು.

ಊರವರದ್ದು ಬೇರೆಯೇ ಲೆಕ್ಕಾಚಾರ. ಸಾಹೇಬರೂ ಮುಸಲ್ಮಾನರು, ಆರೋಪಿಯೂ ಮುಸಲ್ಮಾನ, ಬಿಟ್ಟೇ ಬಿಡುತ್ತಾರೆ ಎಂದು ಸಂತೆಯಲ್ಲಿ ಮಾತು. ಖಾಸಿಮನ ವಕೀಲರು ರಾಘವರಾಯರು ಕೂಡ ಅವನ ಹೆಂಡತಿಗೆ, ನಿಮ್ಮವರ ಕೂತಾರ, ಯಾಕ ಅಳ್ತಿ ಅಂದರು. ಆ ಮಾತು ಸಾಹೇಬರ ಕಿವಿಗೂ ಬಿದ್ದಿತ್ತು. ತಮ್ಮ ನ್ಯಾಯವನ್ನು ಜನ ಹೀಗೆ ಅಳೆಯುತ್ತಾರೆಂದು ಅವರಿಗೆ ಅವಮಾನವಾಯಿತು, ಆ ಅವಮಾನದ ಭಾರ ಖಾಸಿಮನ ಮೇಲೆ ಬಿತ್ತು. ಇದು ನನ್ನ ಊಹೆ ಮಾತ್ರ. ಊಹೆಯಲ್ಲದ್ದು ಇದು: ಖಾಸಿಂ ತನ್ನ ದಖ್ಖನಿಯಲ್ಲಿ ಹೇಳಿಕೆ ಕೊಡತೊಡಗಿದಾಗ ಸಾಹೇಬರು ಕೈಯೆತ್ತಿ ತಡೆದು, ಇದು ಯಾವ ಭಾಷೆ ಎಂದು ನನ್ನನ್ನು ಕೇಳಿದರು.

ಖಾಸಿಂ ಕಕ್ಕಾಬಿಕ್ಕಿಯಾಗಿ, “ಮೈ ಉರ್ದೂಚ್ ಬೋಲ್‌ರಾ ಸಾಬ್,” ಅಂದ. ನಾನು ಉರ್ದುವನ್ನೇ ಮಾತಾಡುತ್ತಿದ್ದೇನೆ ಎಂದರ್ಥ.

ಇದು ಉರ್ದು ಅಲ್ಲ, ಸಂತೆಯ ಗದ್ದಲ ಎಂದರು ಸಾಹೇಬರು. ಆವತ್ತು ಇಡೀ ದಿನ ನಾನು ಅವನ ದಖ್ಖನಿಯನ್ನು ಅವರ ಉರ್ದುವಿಗೆ ಭಾಷಾಂತರ ಮಾಡಿದೆ. ಅವನ ಧರ್ಮದವರೇ ಆದ ನ್ಯಾಯಾಧೀಶರಿಗೆ ಅವನ ಮನೆಮಾತನ್ನು ಮುಟ್ಟಿಸಿದವನು ಕನ್ನಡದ ನಾನು.

ಖಾಸಿಂ ಹೇಳಿದ್ದಿಷ್ಟು. ಎತ್ತು ಹೋದ ದಿನ ಅವನು ರಾಯಚೂರಿನಿಂದ ಬರುತ್ತಿದ್ದ. ದಾರಿಯಲ್ಲಿ ಚಳಿಜ್ವರ ಏರಿ, ಗುಂಜಹಳ್ಳಿಯಲ್ಲಿ ಯಾರದೋ ಮನೆಯ ಬಾಗಿಲಲ್ಲಿ ಬಿದ್ದ. ಮರುದಿನ ಹೊತ್ತೇರುವ ತನಕ ಅಲ್ಲೇ ಮಲಗಿದ್ದ. ಅಲ್ಲಿಂದ ಹಿರೇಕೊಟ್ನೆಕಲ್ಲಿಗೆ ಹೋಗಿ ಎತ್ತು ಹೊಡೆದುಕೊಂಡು ಹೋಗುವುದು ಆ ಮೈಯಲ್ಲಿ ಸಾಧ್ಯವಿಲ್ಲದ ಮಾತು. ಆ ಮನೆ ಈರವ್ವ ಎಂಬ ಕೂಲಿಯವಳದು. ಊರಾಚೆಯ ಕೇರಿ. ಅವಳು ಬಂದು ಹೌದೆಂದರೆ ಅವನು ಬಿಡುಗಡೆ, ಇಲ್ಲವಾದರೆ ಜೈಲು. ಬೇರೆ ಸಾಕ್ಷಿ ಯಾರೂ ಇರಲಿಲ್ಲ. ಅವಳ ಮಗ ಆಗ ಕಲ್ಲು ಒಡೆಯುವ ಕೆಲಸಕ್ಕೆ ದೂರ ಹೋಗಿದ್ದ. ಸೊಸೆ ದಿನ ತುಂಬಿದ ಬಸುರಿ, ಎದ್ದು ಬರುವ ಹಾಗಿರಲಿಲ್ಲ.

ಈರವ್ವ ಬಂದಳು. ತೆಳ್ಳಗೆ, ಎತ್ತರ, ಬಾಯಲ್ಲಿ ಎಲೆಯಡಿಕೆ. ಕೋರ್ಟಿನ ಬಾಗಿಲಲ್ಲಿ ಉಗಿದು, ಸೆರಗಿನಿಂದ ತುಟಿ ಒರೆಸಿಕೊಂಡು ಒಳಗೆ ಬಂದಳು. ಹಲಫ್ ತೆಗೆದುಕೊಳ್ಳಲು ಕೋರ್ಟಿನ ಗುಮಾಸ್ತರಾದ ಪೇಶಕಾರರು ಹೇಳಿದರು. ನಾನು ಕನ್ನಡದಲ್ಲಿ ಹೇಳಿಕೊಟ್ಟೆ: ದೇವರ ಆಣೆಯಾಗಿ ಸತ್ಯವನ್ನೇ ಹೇಳುತ್ತೇನೆ.

ಅವಳು ನೆಲ ನೋಡಿದಳು. ಆಣೆ ಮಾಡುವುದಿಲ್ಲ ಅಂದಳು.

ಸಾಹೇಬರು ಮತ್ತೊಮ್ಮೆ ಕೇಳಿಸಿದರು. ಲೊಚಕ್ ಎಂದಳು. ಕೋರ್ಟಿನಲ್ಲಿ ಯಾರೋ ನಕ್ಕರು. ಸಾಹೇಬರು ಪೆನ್ನು ಕೆಳಗಿಟ್ಟು ಕುರ್ಚಿಗೆ ಒರಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ತೃಪ್ತಿಯಿತ್ತು. ಅಳತೆಗೋಲು ಮತ್ತೆ ಸರಿಯಾಗಿ ಅಳೆದಿತ್ತು.

ಊಟದ ಬಿಡುವಿನಲ್ಲಿ ನಾನು ಪಡಸಾಲೆಗೆ ಹೋಗಿ ಅವಳ ಹತ್ತಿರ ಕುಳಿತೆ. ಖಾಸಿಂ ಅವತ್ತು ನಿಮ್ಮ ಮನೆಯಲ್ಲಿ ಇದ್ದದ್ದು ನಿಜವೇ ಎಂದೆ.

“ಇರಲಾರದ ಏನು? ಬಾಗಿಲದಾಗ ಅಡ್ಡ ಬಿದ್ದಿದ್ದ. ದಾಟಿ ಹೋಗಾಕ ಬರವಲ್ದು, ಒಳಗ ಎಳಕೊಂಡ್ವಿ. ಗಡಗಡ ನಡುಗಾಕತ್ತಿದ್ದ. ಇದ್ದದ್ದು ಒಂದು ಕೌದಿ, ಅದನ್ನ ಹೊದಿಸಿ ನಾವು ಇಬ್ಬರೂ ಒಲಿ ಮುಂದ ಕೂತ್ವಿ.”

“ಮತ್ತೆ ಅದನ್ನೇ ಒಳಗೆ ಹೇಳಬಾರದೇನು ಯವ್ವಾ?”

“ಹೇಳ್ತೀನಲ್ಲರೀ. ಆಣಿ ಮಾತ್ರ ಮಾಡಂಗಿಲ್ಲ. ಮನ್ಯಾಗ ಸೊಸಿ ಬಸರಿ ಅದಾಳ. ಬಸರಿ ಇದ್ದ ಮನಿಯವರು ಆಣಿ ಮಾಡಬಾರದು.”

ಹೇಳುವುದು ನಿಜವೇ ಇದ್ದಾಗ ಆಣೆಯಿಂದ ಏನು ಕೆಡುಕು ಎಂದು ಕೇಳಿದೆ. ಈಗ ಯೋಚಿಸಿದರೆ, ಅದನ್ನು ಕೇಳಿದ್ದು ನನ್ನ ಬಿ.ಎ. ಇರಬೇಕು.

“ಖರೇ ಆಣಿ ಆದ್ರೂ ಆಣೀನ ರೀ. ದೇವರನ್ನ ಮನಿಗಿ ಕರದಂಗ. ಬಂದಾಂವ ಏನು ನೋಡ್ತಾನ, ಏನು ಬಿಡ್ತಾನ, ಯಾರಿಗಿ ಗೊತ್ತು? ಖರೇ ಹೇಳ್ತೀನಂತ ಬೇಕಾದಷ್ಟು ಸರ್ತಿ ಹೇಳ್ತೀನಿ. ಅವನ್ನ ಯಾಕ ಎಬ್ಬಸ್ತೀರಿ?”

ಆ ಸೀಮೆಯ ಹಳ್ಳಿಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಣೆಯನ್ನು ನಿಜಕ್ಕೂ ನಂಬುವವರು ಅದನ್ನು ಮುಟ್ಟಲು ಹೆದರುತ್ತಾರೆ. ನಂಬದವರಿಗೆ ಅದು ಅಗಿದು ಉಗಿಯುವ ಎಲೆಯಡಿಕೆ ಇದ್ದ ಹಾಗೆ. ಅಂದರೆ ಸಾಹೇಬರ ಅಳತೆಗೋಲು ಬರೀ ಸೊಟ್ಟಗಿರಲಿಲ್ಲ, ತಲೆಕೆಳಗಾಗಿತ್ತು. ಅದು ದೇವದುರ್ಗದ ಬೇವಿನ ಮರದವನನ್ನು ಆರಿಸಿ ಒಳಗೆ ಕರೆದು, ಈರವ್ವನನ್ನು ಆರಿಸಿ ಹೊರಗೆ ಹಾಕುತ್ತಿತ್ತು.

ದೇವರ ಹೆಸರಿನ ಹಲಫ್ ಬೇಡವೆನ್ನುವವರು ಸತ್ಯ ಹೇಳುತ್ತೇನೆ ಎಂದಷ್ಟೇ ನುಡಿದು ಸಾಕ್ಷಿ ಕೊಡುವುದಕ್ಕೆ ಕಾನೂನಿನಲ್ಲಿ ದಾರಿಯಿತ್ತು. ರಾಘವರಾಯರಿಗೆ ಹೇಳಿದೆ. ಅವರಿಗೆ ಅದು ಗೊತ್ತಿದ್ದದ್ದೇ, ಆದರೆ ಕೇಳುವ ಉತ್ಸಾಹವಿರಲಿಲ್ಲ. ಆ ಕೇರಿಯವರಿಗೆ ಯಾರೋ ಏನೋ ಕೊಟ್ಟು ಬಾಯಿ ಮುಚ್ಚಿಸಿರುತ್ತಾರೆ, ನಿಮಗೆ ಈ ಜನ ಗೊತ್ತಿಲ್ಲ ಅಂದರು. ಕೊನೆಗೆ ಬಿಡುವು ಮುಗಿದ ಮೇಲೆ ನಾನೇ ಎದ್ದು ನಿಂತು ಸಾಹೇಬರಿಗೆ ಬಿನ್ನವಿಸಿದೆ. ಬಸುರಿಯ ಮನೆಯ ರೂಢಿಯನ್ನೂ ಹೇಳಿದೆ. ಅವರು ಸಾವಧಾನವಾಗಿ ಕೇಳಿದರು. ಆಮೇಲೆ, ನಿಮ್ಮನ್ನು ಸರಕಾರ ನಾಲಿಗೆಯೆಂದು ಇಟ್ಟಿದೆ, ವಕೀಲನೆಂದಲ್ಲ ಅಂದರು. ಸತ್ಯ ಹೇಳುವವರಿಗೆ ದೇವರ ಭಯವೇಕೆ ಎಂದೂ ಸೇರಿಸಿದರು. ಈರವ್ವನನ್ನು ಕಳಿಸಿಬಿಟ್ಟರು. ಆ ದಿನದ ನನ್ನ ದಿನಚರಿಯಲ್ಲಿ ಇರುವುದು ಇಷ್ಟು: “ಮಾನ್ವಿ. ಸೆಖೆ. ಸಾಕ್ಷಿ ಆಗಲಿಲ್ಲ.”

ಮೊಕದ್ದಮೆ ಮುಂದಕ್ಕೆ ಹೋಯಿತು. ಖಾಸಿಂ ಬಂಧನದಲ್ಲೇ ಉಳಿದ.

ಮುಂದಿನ ಪೇಶಿಗೆ, ಅಂದರೆ ವಿಚಾರಣೆಯ ದಿನ, ಯಾರೂ ಕರೆಯದೆ ಈರವ್ವ ತಾನಾಗಿ ಬಂದಳು. ಗುಂಜಹಳ್ಳಿಯಿಂದ ಮಾನ್ವಿ ಹತ್ತಿರದ ದಾರಿಯಲ್ಲ. ಸೊಸೆ ಹೆತ್ತಿದ್ದಳು, ಹೆಣ್ಣು ಕೂಸು. ಪುರುಡು ಕಳೆದು, ತೊಟ್ಟಿಲಿಗೂ ಹಾಕಿ ಬಂದಿದ್ದಳು. ಪಡಸಾಲೆಯಲ್ಲಿ ನನ್ನನ್ನು ಕಂಡು, ಈಗ ಬೇಕಾದಷ್ಟು ಆಣಿ ಮಾಡಿಸ್ರಿ ಎಂದು ನಕ್ಕಳು. ನನಗೂ ಹಗುರವಾಯಿತು. ರಾಘವರಾಯರು ಬೇಡಿಕೊಂಡ ಮೇಲೆ ಸಾಹೇಬರು ಅವಳನ್ನು ಕಟಕಟೆಗೆ ಬಿಟ್ಟರು. ಅವಳು ಹಲಫ್ ತೆಗೆದುಕೊಂಡಳು. ಬಾಗಿಲಲ್ಲಿ ಬಿದ್ದದ್ದು, ಕೌದಿ, ಒಲೆ, ಮರುದಿನ ಗಂಜಿ ಕುಡಿಸಿ ಕಳಿಸಿದ್ದು, ಎಲ್ಲ ಹೇಳಿದಳು.

ಸರಕಾರಿ ವಕೀಲರು ಮೊದಲು ಕೇಳಿದ್ದು, ಗಂಡಸರಿಲ್ಲದ ಮನೆಯಲ್ಲಿ ಪರಧರ್ಮದ ಗಂಡಸನ್ನು ಯಾಕೆ ಮಲಗಿಸಿದೆ ಎಂದು. ಕೇಳಿದ ರೀತಿಯನ್ನು ಬರೆಯಲಾರೆ. ಅದನ್ನು ಕನ್ನಡಕ್ಕೆ ತಿರುಗಿಸುವ ಅಗತ್ಯವೇ ಇರಲಿಲ್ಲ, ಅವರು ಕನ್ನಡದಲ್ಲೇ ಕೇಳಿದರು. ಈರವ್ವ ಅವರನ್ನೇ ನೋಡಿ, “ನಿಮ್ಮ ಮನಿ ಬಾಗಿಲದಾಗ ಬಿದ್ದಿದ್ರ ನೀವು ಏನು ಮಾಡ್ತಿದ್ರಿ, ಅದನ್ನ ಹೇಳ್ರಿ. ಮುಂದಿನ ಸರ್ತಿ ಹಂಗ ಮಾಡ್ತೀನಿ,” ಅಂದಳು. ಅದನ್ನು ನಾನು ಒಂದು ಅಕ್ಷರ ಬಿಡದೆ ಉರ್ದುವಿಗೆ ತಿರುಗಿಸಿದೆ. ನನ್ನ ನೌಕರಿಯಲ್ಲಿ ಅಷ್ಟು ಮನಸ್ಸಿಟ್ಟು ಇನ್ಯಾವ ವಾಕ್ಯವನ್ನೂ ತಿರುಗಿಸಿಲ್ಲ.

ಆಮೇಲೆ ಸಾಹೇಬರೇ ಕೇಳಿದರು. ಹೋದ ಸಲ ದೇವರ ಹೆಸರು ಹೇಳಲು ಹಿಂಜರಿದಿರಲ್ಲ, ಈಗ ಧೈರ್ಯ ಎಲ್ಲಿಂದ ಬಂತು?

ಸೊಸೆ ಹೆತ್ತಳು ಎಂದಳು ಈರವ್ವ.

ಯಾರು ಹೇಳಿಕೊಟ್ಟರು?

ಯಾರೂ ಇಲ್ಲ ಎಂದಳು. ಈ ಸಲ ಲೊಚಗುಟ್ಟಲಿಲ್ಲ, ನಾನು ಮೊದಲೇ ಎಚ್ಚರಿಸಿದ್ದೆ. ನೆಲವನ್ನೂ ನೋಡಲಿಲ್ಲ. ಅದೂ ಅವಳಿಗೇ ಮುಳುವಾಯಿತು. ಮೊದಲು ತಲೆ ತಗ್ಗಿಸಿದ ಹೆಂಗಸು ಈಗ ತಲೆಯೆತ್ತಿ ನಿಂತಿದ್ದಾಳೆ, ನಡುವೆ ಯಾರೋ ಪಾಠ ಮಾಡಿದ್ದಾರೆ ಎಂದು ಸಾಹೇಬರು ತೀರ್ಪಿನಲ್ಲಿ ಬರೆಸಿದರು. ಆಣೆ ಮಾಡದಿದ್ದಾಗ ಸುಳ್ಳಿ, ಮಾಡಿದಾಗ ಮಹಾಸುಳ್ಳಿ. ಆ ಹೆಂಗಸು ಇನ್ನೇನು ಮಾಡಿದ್ದರೆ ಅವರು ನಂಬುತ್ತಿದ್ದರು? ಇದನ್ನು ನಾನು ಬಹಳ ವರ್ಷ ಯೋಚಿಸಿದ್ದೇನೆ. ಏನು ಮಾಡಿದ್ದರೂ ನಂಬುತ್ತಿರಲಿಲ್ಲ. ಅವಳು ಕಟಕಟೆ ಹತ್ತುವ ಮೊದಲೇ ಅವಳ ಸಾಕ್ಷಿ ಮುಗಿದಿತ್ತು.

ಖಾಸಿಮನಿಗೆ ಶಿಕ್ಷೆಯಾಯಿತು. ಅವನನ್ನು ರಾಯಚೂರಿನ ಜೈಲಿಗೆ ಕಳಿಸಿದರು. ಸಂತೆಯಲ್ಲಿ ಜನ ಸಾಹೇಬರನ್ನು ಹೊಗಳಿದರು, ತಮ್ಮವನನ್ನೂ ಬಿಡಲಿಲ್ಲ ನೋಡ್ರಿ ಎಂದು. ಅಪರಾಧ ಮಾಡಿದ್ದನೋ ಇಲ್ಲವೋ ಎಂಬುದು ಆ ಹೊಗಳಿಕೆಯಲ್ಲಿ ಎಲ್ಲೂ ಇರಲಿಲ್ಲ.

ಅಪೀಲು ರಾಯಚೂರಿನಲ್ಲಿ ಜಿಲ್ಲಾ ನ್ಯಾಯಾಧೀಶರ ಮುಂದೆ ಬಂತು. ಇವರು ಮರಾಠಿ ಮನೆತನದವರು, ಹೈದರಾಬಾದಿನಲ್ಲೇ ಬೆಳೆದವರು. ಸಂಜೆ ಕೋಟೆಯ ಕಡೆ ನಡೆದುಹೋಗಿ ಬರುತ್ತಿದ್ದರು, ದಾರಿಯಲ್ಲಿ ಕುರಿ ಕಾಯುವವರನ್ನು ನಿಲ್ಲಿಸಿ ಹಾಡು ಹೇಳಿಸುತ್ತಿದ್ದರು. ಹಳ್ಳಿಯೆಂದರೆ ಅವರಿಗೆ ಪ್ರೀತಿ. ಇಂಥವರ ಮುಂದೆ ಬಂತಲ್ಲ ಎಂದು ನಾನು ನೆಮ್ಮದಿಪಟ್ಟೆ. ಈರವ್ವನ ಹೇಳಿಕೆಯನ್ನು ನನ್ನಿಂದಲೇ ಎರಡು ಸಲ ಓದಿಸಿದರು. ಕೌದಿಯ ಭಾಗ ಬಂದಾಗ ಅವರ ಕಣ್ಣು ತೇವವಾಗಿತ್ತು. ಇದು ಸುಳ್ಳಲ್ಲ, ನೋಡಿದ್ದೇನೆ.

ತೀರ್ಪಿನ ದಿನ ಈರವ್ವ ಖಾಸಿಮನ ಹೆಂಡತಿಯ ಜೊತೆ ಬಂದು ಹೊರಗೆ ಗೋಡೆಗೆ ಒರಗಿ ಕುಳಿತಿದ್ದಳು. ನ್ಯಾಯಾಧೀಶರು ಶಿಕ್ಷೆ ರದ್ದು ಮಾಡಿದರು. ಕಾರಣವನ್ನೂ ಓದಿದರು. ಸಾಕ್ಷಿದಾರಳು ಅಕ್ಷರ ಕಾಣದ, ಕೆಳವರ್ಗದ ಕೂಲಿ ಹೆಂಗಸು. ಇಂಥ ಜನ ಪ್ರಕೃತಿಯ ಮಕ್ಕಳು. ಒಂದು ಸುಳ್ಳನ್ನು ಕಟ್ಟಿ, ಅದನ್ನು ತಿಂಗಳುಗಟ್ಟಲೆ ನೆನಪಿಟ್ಟು, ಪಾಟೀಸವಾಲಿನಲ್ಲಿ ಕಾಪಾಡಿಕೊಳ್ಳುವ ಬುದ್ಧಿಶಕ್ತಿ ಅವರಿಗೆ ಇರುವುದಿಲ್ಲ. ಆದ್ದರಿಂದ ಅವಳ ಮಾತು ನಂಬತಕ್ಕದ್ದು.

ನಾನು ಹೊರಗೆ ಬರುವಾಗ ಹೆಜ್ಜೆಗಳು ಬಿರುಸಾಗಿ ಬೀಳುತ್ತಿದ್ದವು. ನ್ಯಾಯ ಸಿಕ್ಕ ದಿನ ಅಷ್ಟು ಸಿಟ್ಟು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಒಬ್ಬರು ತಲೆಯೊಳಗೆ ಬರೀ ಮೋಸವಿದೆಯೆಂದು ಅವಳನ್ನು ನಂಬಲಿಲ್ಲ, ಇನ್ನೊಬ್ಬರು ಆ ತಲೆಯೊಳಗೆ ಏನೂ ಇಲ್ಲವೆಂದು ಅವಳನ್ನು ನಂಬಿದರು. ಅವಳು ಹೇಳಿದ ಸಂಗತಿಯನ್ನು ಇಬ್ಬರೂ ತೂಗಿ ನೋಡಲಿಲ್ಲ. ಈಗ ಕೋರ್ಟು ಕನ್ನಡದಲ್ಲಿ ನಡೆಯುತ್ತದೆ, ನಡುವೆ ನನ್ನಂಥವನು ಬೇಕಾಗಿಲ್ಲ, ಆದ್ದರಿಂದ ಆ ಕಾಲ ಹೋಯಿತು ಎಂದು ನೀವು ಹೇಳಿದರೆ ನಾನು ಒಪ್ಪುವುದಿಲ್ಲ. ಸರಕಾರಿ ವಕೀಲರೂ ರಾಘವರಾಯರೂ ಈ ನೆಲದವರೇ, ಅವಳ ಮಾತೇ ಅವರ ಮಾತು.

ಖಾಸಿಮನನ್ನು ಆ ಮಧ್ಯಾಹ್ನವೇ ಬಿಟ್ಟರು. ಸೊರಗಿದ್ದ. ನಾವೆಲ್ಲ ಕೋರ್ಟಿನ ಮೆಟ್ಟಿಲ ಕೆಳಗೆ ನಿಂತಿದ್ದೆವು. ಅವನ ಹೆಂಡತಿ ಈರವ್ವನ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಈರವ್ವನಿಗೆ ಅದು ಸಂಕೋಚ. ಕೈ ಬಿಡಿಸಿಕೊಂಡು ನನ್ನ ಕಡೆ ತಿರುಗಿ, ದೊಡ್ಡ ಸಾಹೇಬರು ಏನಂದರು ಎಂದು ಕೇಳಿದಳು. ನಂಬಿದರು ಎಂದೆ. ಅಷ್ಟಕ್ಕೆ ಬಿಡಲಿಲ್ಲ. ಯಾಕೆ ನಂಬಿದರು ಎಂದಳು. ಮೆತ್ತಗೆ ಮಾಡಿ ಹೇಳಬಹುದಿತ್ತು. ಆದರೆ ಅವಳ ಬಗ್ಗೆ ಆಡಿದ ಮಾತು, ಅವಳಿಗೆ ಪೂರ್ತಿ ಸಲ್ಲಬೇಕು ಅನ್ನಿಸಿತು. ಇದ್ದದ್ದನ್ನು ಇದ್ದ ಹಾಗೆ ತಿರುಗಿಸಿ ಹೇಳಿದೆ.

ಅವಳು ಪಕ್ಕಕ್ಕೆ ತಿರುಗಿ ಎಲೆಯಡಿಕೆ ಉಗಿದಳು.

“ಅಂದ್ರ, ನನಗ ಸುಳ್ಳು ಹೇಳಾಕ ಬುದ್ಧಿ ಸಾಲಂಗಿಲ್ಲಂತ ಇವನ್ನ ಬಿಟ್ರೇನು?”

ಹೌದೆಂದೆ.

“ನನಗ ಸುಳ್ಳು ಹೇಳಾಕ ಬರ್ತದರೀ. ಗೌಡಗ ಹೇಳೀನಿ, ಸೊಸಿಗಿ ಹೇಳೀನಿ, ನಾಕು ಮಂದಿ ಕೂತ ಕಟ್ಟಿ ಮ್ಯಾಲ ಹೇಳೀನಿ. ಯಾರೂ ಹಿಡದಿಲ್ಲ. ಇದೊಂದ್ರಾಗ ಹೇಳಲಿಲ್ಲ, ಹೇಳಬಾರದಂತ ಹೇಳಲಿಲ್ಲ. ಒಳಗ ಹೋಗಿ ಹಂಗಂತ ಹೇಳಿ ಬರ್ರಿ.”

ನಾನು ನಿಜವಾಗಿಯೂ ಕೋರ್ಟಿನ ಬಾಗಿಲ ಕಡೆಗೆ ಒಂದು ಹೆಜ್ಜೆ ಇಟ್ಟಿದ್ದೆನೋ, ಅಥವಾ ಇಡಬೇಕಿತ್ತೆಂದು ಈಗ ಅನ್ನಿಸುತ್ತಿದೆಯೋ, ಹೇಳಲಾರೆ. ಖಾಸಿಂ ಮಾತ್ರ ಗಾಬರಿಯಾಗಿ ನಮ್ಮಿಬ್ಬರ ನಡುವೆ ಬಂದ.

“ನಕ್ಕೋ ಯವ್ವಾ, ಬ್ಯಾಡ,” ಅಂದ. “ನಿನಗ ಸುಳ್ಳು ಬರ್ತದಂತ ಗೊತ್ತಾದ್ರ ನನ್ನ ಮತ್ತ ಒಳಗ ಹಾಕ್ತಾರ.”

ಈರವ್ವ ಅವನನ್ನು ನೋಡಿದಳು. ಅವನ ಹೆಂಡತಿಯನ್ನು ನೋಡಿದಳು. ಆಮೇಲೆ ಕೋರ್ಟಿನ ದೊಡ್ಡ ಬಾಗಿಲನ್ನು, ಯಾರೋ ತನಗೆ ಕೊಡಬೇಕಾದದ್ದನ್ನು ಒಳಗಿಟ್ಟುಕೊಂಡಿದ್ದಾರೆ ಅನ್ನುವ ಹಾಗೆ, ಸ್ವಲ್ಪ ಹೊತ್ತು ನೋಡಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಹಂಗಾದ್ರ ಬಿಡ್ರಿ ಸಾಹೇಬರ,” ಅಂದಳು. “ದಡ್ಡಿ ಅಂತನ ಇರಲಿ.”